‘ಹೇಗೂ ಮರೆತುಬಿಡ್ತಾರೆ’ ಎನ್ನುವ ಮುನ್ನ

ಸಂಜೆ ಐದೂವರೆ ಆಗುತ್ತಿದ್ದಂತೆ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಮೂವತ್ತು ವರ್ಷ ಬಾಳಿದ ಮನೆಯ ನಡುಮನೆಯಲ್ಲೇ ನಿಂತು, ‘ಹೊತ್ತಾಯ್ತು, ಮನೆಗೆ ಹೋಗ್ಬೇಕು’ ಎನ್ನುತ್ತಾರೆ. ‘ಇದೇ ನಿನ್ನ ಮನೆ ಕಣಮ್ಮ’ ಎಂದು ಮಗಳು ಮೊದಲ ಸಲ ನಿಧಾನವಾಗಿ ಹೇಳುತ್ತಾಳೆ. ನಾಲ್ಕನೇ ಸಲಕ್ಕೆ ದನಿ ಏರುತ್ತದೆ. ಏಳನೇ ಸಲಕ್ಕೆ ಬಾಗಿಲಿಗೆ ಚಿಲಕ ಬೀಳುತ್ತದೆ, ಜೊತೆಗೊಂದು ಗದರಿಕೆಯೂ. ಅಜ್ಜಿ ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂರುತ್ತಾರೆ. ಗದರಿದ ಮಗಳಿಗೆ ಕಣ್ಣು ತುಂಬಿ ಬರುತ್ತದೆ. ಆಗ ಮನೆಯಲ್ಲಿ ಯಾರೋ ಸಮಾಧಾನ ಹೇಳುತ್ತಾರೆ: ‘ಬಿಡು, ಐದು ನಿಮಿಷಕ್ಕೆ ಹೇಗೂ ಮರೆತುಬಿಡ್ತಾರೆ.’

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಮನೆಗಳಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಕೇಳುತ್ತದೆ. ಆಡುವವರಲ್ಲಿ ಕೆಡುಕಿಲ್ಲ, ದಣಿವಿದೆ. ಆದರೆ ಮಾತು ಮಾತ್ರ ಸುಳ್ಳು. ಗದರಿದ್ದನ್ನು ಅಜ್ಜಿ ಮರೆಯುತ್ತಾರೆ, ಗದರಿದಾಗ ಎದೆಯಲ್ಲಿ ಆದದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ. ಇದನ್ನು ಮೃದು ಹೃದಯದವರ ಊಹೆ ಎಂದು ತಳ್ಳಿಹಾಕುವಂತಿಲ್ಲ. ಪ್ರಯೋಗ ಮಾಡಿ ನೋಡಿದವರಿದ್ದಾರೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ, ಡಿಮೆನ್ಷಿಯಾದ ಒಂದು ಬಗೆಯಾದ ಆಲ್ಝೈಮರ್ ಕಾಯಿಲೆಯ 17 ಮಂದಿಯನ್ನೂ ಅದೇ ವಯೋಮಾನದ 17 ಆರೋಗ್ಯವಂತರನ್ನೂ ಕೂರಿಸಿಕೊಂಡು ಸಿನಿಮಾ ತುಣುಕುಗಳನ್ನು ತೋರಿಸಿದರು. ಒಂದು ಸರದಿ ಅಳಿಸುವಂಥವು, ಇನ್ನೊಂದು ಸರದಿ ನಗಿಸುವಂಥವು. ಒಂದೊಂದು ಸರದಿ ಸುಮಾರು ಇಪ್ಪತ್ತು ನಿಮಿಷ. ಮುಗಿದ ಐದು ನಿಮಿಷಕ್ಕೆ ‘ಏನು ನೋಡಿದಿರಿ?’ ಎಂದು ಕೇಳಿದರು. ಕಾಯಿಲೆಯವರಿಗೆ ಹೆಚ್ಚೇನೂ ನೆನಪಿರಲಿಲ್ಲ. ಒಬ್ಬರಿಗಂತೂ ಸಿನಿಮಾ ನೋಡಿದ್ದೇ ಮರೆತುಹೋಗಿತ್ತು. ಆದರೆ ‘ಈಗ ಮನಸ್ಸಿಗೆ ಹೇಗನ್ನಿಸುತ್ತಿದೆ?’ ಎಂದು ಕೇಳಿದಾಗ ಬೇರೆಯೇ ಉತ್ತರ ಬಂತು. ಅಳಿಸುವ ತುಣುಕು ನೋಡಿದವರಲ್ಲಿ ಅರ್ಧ ಗಂಟೆಯ ನಂತರವೂ ದುಃಖ ಉಳಿದಿತ್ತು. ಯಾಕೆ ದುಃಖ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇನ್ನೂ ಮನಸ್ಸು ಕಲಕುವ ಸಂಗತಿಯೆಂದರೆ, ತುಣುಕಿನ ನೆನಪು ಯಾರಲ್ಲಿ ಕಡಿಮೆ ಉಳಿದಿತ್ತೋ ಅವರಲ್ಲೇ ದುಃಖ ಹೆಚ್ಚು ಹೊತ್ತು ನಿಂತಿತ್ತು.

ಕಾರಣ ಗೊತ್ತಿರುವ ದುಃಖಕ್ಕೆ ಒಂದು ದಾರಿಯಾದರೂ ಇರುತ್ತದೆ. ‘ಅದು ಸಿನಿಮಾ ಅಷ್ಟೇ’ ಎಂದುಕೊಳ್ಳಬಹುದು, ‘ಮಗಳಿಗೆ ಆಫೀಸಿನಲ್ಲಿ ಏನೋ ಬೇಸರ ಆಗಿರಬೇಕು, ಅದಕ್ಕೇ ಸಿಡುಕಿದಳು’ ಎಂದು ಮನಸ್ಸಿಗೆ ತಿಳಿಹೇಳಬಹುದು. ಕಾರಣವೇ ಅಳಿಸಿಹೋದ ದುಃಖಕ್ಕೆ ಯಾರು ಏನೆಂದು ತಿಳಿಹೇಳುವುದು? ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿಯದು ಅಂಥ ದುಃಖ. ರಾತ್ರಿ ಅವರು ಊಟದ ತಟ್ಟೆ ತಳ್ಳಿದರೆ, ಮಾತ್ರೆ ಉಗುಳಿದರೆ, ಸೊಸೆಯ ಕೈ ಕೊಡವಿದರೆ ಮನೆಯವರು ‘ಕಾಯಿಲೆ ಜೋರಾಗಿದೆ’ ಎನ್ನುತ್ತಾರೆ. ಸಂಜೆಯ ಗದರಿಕೆಗೂ ರಾತ್ರಿಯ ತಟ್ಟೆಗೂ ಇರುವ ನಂಟು ಯಾರಿಗೂ ಕಾಣುವುದಿಲ್ಲ.

ಅಯೋವಾದ ಪ್ರಯೋಗಕ್ಕಿಂತ ನೂರು ವರ್ಷ ಹಳೆಯ ಪ್ರಸಂಗವೊಂದಿದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಡುವಾರ್ ಕ್ಲಾಪರೆದ್ ಎಂಬ ಮನಶ್ಶಾಸ್ತ್ರಜ್ಞರು 47 ವರ್ಷದ ರೋಗಿಯೊಬ್ಬರನ್ನು ನೋಡುತ್ತಿದ್ದರು. ಹೊಸದೇನೂ ಆಕೆಯ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಿನಾ ಬರುವ ವೈದ್ಯರೂ ಆಕೆಗೆ ದಿನಾ ಹೊಸಬರೇ. ಒಂದು ದಿನ ಕ್ಲಾಪರೆದ್ ಬೆರಳ ಸಂದಿಯಲ್ಲಿ ಗುಂಡುಪಿನ್ನು ಬಚ್ಚಿಟ್ಟುಕೊಂಡು ಆಕೆಯ ಕೈ ಕುಲುಕಿದರು. ಚುಚ್ಚಿದ್ದನ್ನು ಆಕೆ ಸ್ವಲ್ಪ ಹೊತ್ತಿನಲ್ಲೇ ಮರೆತರು. ಆದರೆ ಮತ್ತೆ ವೈದ್ಯರು ಕೈ ಚಾಚಿದಾಗ ಆಕೆ ತಟ್ಟನೆ ತಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಯಾಕೆಂದು ಕೇಳಿದರೆ ನೇರ ಉತ್ತರವಿಲ್ಲ. ಒತ್ತಾಯಿಸಿದ ಮೇಲೆ, ಕೆಲವರು ಕೈಯಲ್ಲಿ ಪಿನ್ನು ಇಟ್ಟುಕೊಂಡಿರುವುದುಂಟಲ್ಲ ಎಂಬ ಅರ್ಥದ ಮಾತಾಡಿದರು. 1911ರಲ್ಲಿ ಕ್ಲಾಪರೆದ್ ಇದನ್ನು ಬರೆದು ಪ್ರಕಟಿಸಿದರು. ರೋಗಿಗೆ ನೋವು ಕೊಟ್ಟು ನಡೆಸುವ ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು, ಒಪ್ಪಬಾರದು ಕೂಡ. ಆದರೆ ಆ ಹಿಂದಕ್ಕೆ ಸರಿದ ಕೈ ಹೇಳಿದ್ದನ್ನು ಮರೆಯುವ ಹಾಗಿಲ್ಲ. ಬುದ್ಧಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು.

ಕನ್ನಡದಲ್ಲಿ ಇದನ್ನು ‘ಸುಪ್ತ ಮನಸ್ಸು’ ಅಥವಾ ‘ಒಳಮನಸ್ಸು’ ಎನ್ನುತ್ತೇವೆ. ಈ ಪದಕ್ಕೆ ಈಗ ಬಹಳ ಭಾರ ಹೊರಿಸಲಾಗಿದೆ. ಒಳಮನಸ್ಸಿಗೆ ಆಜ್ಞೆ ಕೊಟ್ಟರೆ ಹಣ ಬರುತ್ತದೆ, ರೋಗ ಹೋಗುತ್ತದೆ ಎಂಬ ಭಾಷಣಗಳು ಮೊಬೈಲ್ ತುಂಬ ಇವೆ. ನರವಿಜ್ಞಾನ ಹೇಳುವ ಒಳಮನಸ್ಸು ಇದಲ್ಲ, ಬಯಕೆಗಳನ್ನು ಅದುಮಿಟ್ಟುಕೊಂಡ ಫ್ರಾಯ್ಡರ ಕತ್ತಲಕೋಣೆಯೂ ಪೂರ್ತಿ ಇದಲ್ಲ. ನಮ್ಮ ಅರಿವಿಗೆ ಬಾರದೆಯೇ ಕಲಿಯುವ, ಅಂಜುವ, ಒಗ್ಗುವ, ನಂಬುವ ಮೆದುಳಿನ ಕೆಲಸಗಳ ಒಟ್ಟು ಹೆಸರು ಅದು. ‘ಬೆಳಿಗ್ಗೆ ತಿಂಡಿಗೆ ಏನಿತ್ತು’ ಎಂಬ ಬಗೆಯ ನೆನಪಿಗೆ ಹಿಪೊಕ್ಯಾಂಪಸ್ ಎಂಬ ಭಾಗ ಬೇಕೇ ಬೇಕು, ಆಲ್ಝೈಮರ್ ಮೊದಲು ಸವೆಸುವ ಭಾಗಗಳಲ್ಲಿ ಅದೂ ಒಂದು. ಹೂ ಕಟ್ಟುವುದು, ಸೈಕಲ್ ತುಳಿಯುವುದು, ಬಾಯಿಪಾಠವಾದ ಭಜನೆ ಹೇಳುವುದು, ಇವಕ್ಕೆ ಬೇರೆ ದಾರಿಗಳಿವೆ. ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವೂ ಈ ಕಾಯಿಲೆಯಲ್ಲಿ ಸವೆಯುತ್ತದೆ, ನಿಜ. ಆದರೂ ಭಾವನೆ ಒಂದೇ ಕೋಣೆಯಲ್ಲಿ ಇಟ್ಟ ಪಾತ್ರೆಯಲ್ಲ. ಎದೆಬಡಿತದಲ್ಲಿ, ಉಸಿರಿನಲ್ಲಿ, ರಕ್ತದಲ್ಲಿ ಹರಿಯುವ ಹಾರ್ಮೋನುಗಳಲ್ಲಿ ಅದು ಹರಡಿಕೊಂಡಿರುತ್ತದೆ.

ಮೊಮ್ಮಗನ ಹೆಸರು ಮರೆತ ಅಜ್ಜಿಯ ಮುಂದೆ ಒಂದು ಮೊರ ಅವರೆಕಾಯಿ ಸುರಿದರೆ ಇದು ಕಣ್ಣಿಗೇ ಕಾಣುತ್ತದೆ. ಹೆಬ್ಬೆರಳು ತಾನಾಗಿ ಸಿಪ್ಪೆಯ ಏಣು ಹುಡುಕಿಕೊಳ್ಳುತ್ತದೆ. ಹುಳುಕಿನ ಕಾಳು ಬೇರೆ ಬೀಳುತ್ತದೆ.

ಇಲ್ಲಿಯವರೆಗಿನದು ಕಾಯಿಲೆ ಬಂದ ಮೇಲಿನ ಕಥೆ. ಕಾಯಿಲೆಗೆ ಮುಂಚಿನ ಕಥೆಯಲ್ಲೂ ಮನಸ್ಸಿನ ನೋವಿಗೆ ಜಾಗವಿದೆಯೇ? ನಮ್ಮ ಊರುಗಳಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಂದು, ‘ಅರವತ್ತಕ್ಕೆ ಅರಳುಮರಳು’, ಅಂದರೆ ವಯಸ್ಸಾದ ಮೇಲೆ ಇದು ಇದ್ದದ್ದೇ, ಡಾಕ್ಟರ ಬಳಿ ಹೋಗುವುದೇನಿದೆ ಎಂಬುದು. ಇನ್ನೊಂದು, ‘ಮಗ ಹೋದ ಮೇಲೆ ಕೊರಗಿ ಕೊರಗಿ ಹೀಗಾದ್ರು’ ಎಂಬುದು. ಮೊದಲನೆಯದು ತಪ್ಪು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ 7.4, ಅಂದರೆ ಸುಮಾರು 88 ಲಕ್ಷ ಮಂದಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಬಾರದ್ದನ್ನು ವಯಸ್ಸಿನ ಸಹಜ ಗುಣ ಎನ್ನಲು ಬರುವುದಿಲ್ಲ. ಎರಡನೆಯದು ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ.

ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ 1968ರಲ್ಲಿ ನಡುವಯಸ್ಸಿನ ಹೆಂಗಸರ ಆರೋಗ್ಯದ ಅಧ್ಯಯನವೊಂದು ಶುರುವಾಯಿತು. ತಿಂಗಳುಗಟ್ಟಲೆ ಕಾಡುವ ಸಿಡುಕು, ಭಯ, ಆತಂಕ, ನಿದ್ದೆಗೇಡು ಇದ್ದವೇ ಎಂದು ಅವರನ್ನು 1968, 1974, 1980ರಲ್ಲಿ ಮೂರು ಸಲ ಕೇಳಿದರು. 1,415 ಹೆಂಗಸರ ಬದುಕನ್ನು 35 ವರ್ಷ ಹಿಂಬಾಲಿಸಿ 2010ರಲ್ಲಿ ಲೆಕ್ಕ ಹಾಕಿದಾಗ 161 ಮಂದಿಗೆ ಡಿಮೆನ್ಷಿಯಾ ಬಂದಿತ್ತು. ನಡುವಯಸ್ಸಿನಲ್ಲಿ ಆಗಾಗ ಅಥವಾ ಸದಾ ಒತ್ತಡದಲ್ಲಿದ್ದೆವು ಎಂದವರಲ್ಲಿ ಅದರ ಅಪಾಯ ಸುಮಾರು ಶೇ 65ರಷ್ಟು ಹೆಚ್ಚಿತ್ತು. ಮೂರೂ ಸಲ ‘ಹೌದು’ ಎಂದವರಲ್ಲಿ ಎರಡು ಪಟ್ಟಿಗೂ ಮೀರಿ. ಅಮೆರಿಕದಲ್ಲಿ 1,81,093 ಮಾಜಿ ಸೈನಿಕರ ದಾಖಲೆಗಳನ್ನು ನೋಡಿದ ಅಧ್ಯಯನವೂ ಅದೇ 2010ರಲ್ಲಿ ಬಂತು. ಯುದ್ಧದಂಥ ಆಘಾತದ ನೆನಪು ಬಿಡದೆ ಕಾಡುತ್ತಿದ್ದವರಲ್ಲಿ ಏಳು ವರ್ಷಗಳಲ್ಲಿ ಶೇ 10.6 ಮಂದಿಗೆ ಡಿಮೆನ್ಷಿಯಾ ಬಂದಿತ್ತು, ಉಳಿದವರಲ್ಲಿ ಶೇ 6.6 ಮಂದಿಗೆ.

ಮೈಯೊಳಗೆ ಏನು ನಡೆಯುತ್ತದೆ ಎಂಬುದರ ಸುಳಿವೂ ಇದೆ. ಒತ್ತಡವಾದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಹಾವು ಕಂಡಾಗ ಓಡಲು ಅದು ಬೇಕು. ಅಪಾಯ ಮುಗಿದ ಮೇಲೆ ಅದು ಇಳಿಯಬೇಕು, ಇಳಿಸುವ ಸನ್ನೆ ಕೊಡುವವರಲ್ಲಿ ಹಿಪೊಕ್ಯಾಂಪಸ್ ಕೂಡ ಒಂದು. ವರ್ಷಾನುಗಟ್ಟಲೆ ಸಾಲಗಾರನ ಭಯ, ಕುಡುಕ ಗಂಡನ ಭಯ, ಹಾಸಿಗೆ ಹಿಡಿದ ಮಗುವಿನ ಚಿಂತೆ ಇರುವವರಲ್ಲಿ ಆ ಹಾರ್ಮೋನು ಸರಿಯಾಗಿ ಇಳಿಯದೆ ಹಿಪೊಕ್ಯಾಂಪಸ್‌ಗೇ ಪೆಟ್ಟು ಕೊಡಬಹುದು. ಪ್ರಾಣಿಗಳ ಮೇಲಿನ ಪ್ರಯೋಗಗಳು ಇದನ್ನು ತೋರಿಸಿವೆ. ನಿದ್ದೆ ಕೆಡುವುದು, ರಕ್ತದೊತ್ತಡ ಏರುವುದು, ನಾಲ್ಕು ಜನರ ನಡುವೆ ಬೆರೆಯದಿರುವುದು ಇವೆಲ್ಲ ಆ ಚಿಂತೆಯ ಬೆನ್ನಿಗೇ ಬರುತ್ತವೆ.

ಹಾಗಾದರೆ ಕೊರಗಿದ್ದಕ್ಕೇ ಮರೆವು ಬಂತು ಎಂದುಬಿಡಬಹುದೇ? ಇಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರ ‘ವೈಟ್‌ಹಾಲ್’ ಅಧ್ಯಯನದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ 28 ವರ್ಷಗಳ ಮಾಹಿತಿಯನ್ನು 2017ರಲ್ಲಿ ಬಿಡಿಸಿ ನೋಡಿದಾಗ ಚಿತ್ರ ತಿರುಗಿತು. ನಡುವಯಸ್ಸಿನ ಖಿನ್ನತೆಗೂ ಡಿಮೆನ್ಷಿಯಾಕ್ಕೂ ಅಲ್ಲಿ ನಂಟು ಕಾಣಲಿಲ್ಲ. ಆದರೆ ಡಿಮೆನ್ಷಿಯಾ ಪತ್ತೆಯಾಗುವ ಸುಮಾರು 11 ವರ್ಷ ಮೊದಲಿನಿಂದ ಅಂಥವರಲ್ಲಿ ಖಿನ್ನತೆಯ ಲಕ್ಷಣಗಳು ಏರುತ್ತ ಹೋಗಿದ್ದವು. ಅಂದರೆ ಎಷ್ಟೋ ಜನರಲ್ಲಿ ದುಃಖದಿಂದ ಕಾಯಿಲೆ ಬಂದದ್ದಲ್ಲ, ಒಳಗೊಳಗೇ ಶುರುವಾಗಿದ್ದ ಕಾಯಿಲೆ ಮೊದಲು ದುಃಖದ ವೇಷದಲ್ಲಿ ತಲೆಹಾಕಿತ್ತು.

ಆಲ್ಝೈಮರ್ ಕಾಯಿಲೆಗೆ ಆ ಹೆಸರು ಬರಲು ಕಾರಣರಾದ ಹೆಂಗಸಿನ ಕಥೆಯೂ ಹಾಗೇ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ದಾಖಲಾದಾಗ ಆಗಸ್ಟೆ ಡೀಟರ್‌ಗೆ 51 ವರ್ಷ. ಆಕೆಯಲ್ಲಿ ಮೊದಲು ಕಾಣಿಸಿದ್ದು ಮರೆವಲ್ಲ, ಗಂಡನ ಮೇಲಿನ ಅನುಮಾನ, ಹೊಟ್ಟೆಕಿಚ್ಚು. ಬಳಿಕ ಅಡುಗೆ ಕೆಟ್ಟಿತು, ವಸ್ತುಗಳು ಎಲ್ಲೆಲ್ಲೋ ಅಡಗಿದವು. ಹೆಸರು ಬರೆಯಲು ಹೇಳಿದರೆ ಅರ್ಧಕ್ಕೆ ನಿಲ್ಲಿಸಿ, ತನ್ನನ್ನೇ ತಾನು ಕಳೆದುಕೊಂಡಿದ್ದೇನೆ ಎಂದು ಆಕೆ ಹೇಳುತ್ತಿದ್ದುದನ್ನು ವೈದ್ಯ ಅಲೋಯಿಸ್ ಆಲ್ಝೈಮರ್ ಬರೆದಿಟ್ಟುಕೊಂಡರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಸಿಕ್ಕುಗಟ್ಟಿದ ನರಎಳೆಗಳು, ಜಿಡ್ಡಿನಂಥ ಗಂಟುಗಳು. ಆಕೆಯ ಅನುಮಾನಕ್ಕೆ ಆ ಮನೆಯಲ್ಲಿ ಯಾರ್‍ಯಾರು ಏನೇನು ಅಂದುಕೊಂಡಿದ್ದರೋ! ಇಂದಿಗೂ ಎಷ್ಟೋ ಮನೆಗಳಲ್ಲಿ ಅತ್ತೆ ‘ನನ್ನ ಒಡವೆ ಸೊಸೆ ಕದ್ದಳು’ ಎಂದಾಗ ಮನೆ ಒಡೆಯುತ್ತದೆ. ಮೂರು ವರ್ಷ ಕಳೆದ ಮೇಲೆ ಅದು ಕಾಯಿಲೆಯ ಮೊದಲ ಲಕ್ಷಣವಾಗಿತ್ತೆಂದು ತಿಳಿಯುತ್ತದೆ. ಅಷ್ಟರಲ್ಲಿ ಮಾತು ಬಿಟ್ಟವರು ಬಿಟ್ಟಾಗಿರುತ್ತದೆ.

ಆದ್ದರಿಂದ ‘ಸಹಿಸಲಾಗದ ನೋವನ್ನು ಮರೆಯಲು ಒಳಮನಸ್ಸು ತಾನೇ ಎಲ್ಲವನ್ನೂ ಅಳಿಸಿಹಾಕುತ್ತದೆ’ ಎಂಬ ವಿವರಣೆಯನ್ನು ಒಪ್ಪಲಾಗದು. ಕೇಳಲು ಅದು ಕಥೆಯಂತೆ ಚೆನ್ನಾಗಿದೆ. ಆದರೆ ಮೆದುಳಿನ ಜೀವಕೋಶ ಸಾಯುವುದು ಮನಸ್ಸಿನ ಆಯ್ಕೆಯಲ್ಲ. ಮೇಲಾಗಿ ಆ ವಿವರಣೆ ಬದುಕಿರುವವರ ಮೇಲೆ ತಪ್ಪು ಹೊರಿಸುತ್ತದೆ: ನಾನು ಅಮ್ಮನನ್ನು ಬಿಟ್ಟು ಅಮೆರಿಕಕ್ಕೆ ಹೋದೆ, ಅದಕ್ಕೇ ಹೀಗಾಯಿತು, ನಾನು ಬೇರೆ ಜಾತಿಯವನನ್ನು ಮದುವೆಯಾದೆ, ಅದಕ್ಕೇ ಅಪ್ಪ ಹೀಗಾದರು. ಗೊಥೆನ್‌ಬರ್ಗಿನ ಲೆಕ್ಕವನ್ನೇ ಮತ್ತೊಮ್ಮೆ ನೋಡಬೇಕು. 1,415ರಲ್ಲಿ 161 ಮಂದಿ. ಒತ್ತಡದಲ್ಲೇ ಬದುಕಿದ ಹೆಚ್ಚಿನ ಹೆಂಗಸರಿಗೆ ಡಿಮೆನ್ಷಿಯಾ ಬರಲಿಲ್ಲ. ಒತ್ತಡ ಹಲವು ಎಳೆಗಳಲ್ಲಿ ಒಂದು ಎಳೆ, ಅಷ್ಟೇ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗ ತಡೆಯಬಹುದಾದ 14 ಅಪಾಯಗಳನ್ನು ಗುರುತಿಸಿ, ಅವೆಲ್ಲವನ್ನೂ ನೀಗಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ಅದರಲ್ಲಿ ‘ಒತ್ತಡ’ ಎಂಬ ಹೆಸರಿನ ಕಲಮು ಇಲ್ಲ. ಆದರೆ ಖಿನ್ನತೆ ಇದೆ, ಒಂಟಿತನದ ಬದುಕು ಇದೆ, ಮತ್ತು ನಾವು ಬಹಳ ಹಗುರವಾಗಿ ಕಾಣುವ ಕಿವುಡು ಇದೆ. ಕಿವಿ ಕೇಳದ ತಾತ ಮದುವೆಮನೆಯಲ್ಲೂ ಒಬ್ಬರೇ ಕೂತಿರುತ್ತಾರೆ. ಒಂದು ಶ್ರವಣಯಂತ್ರ ಅವರನ್ನು ಮತ್ತೆ ಜಗಲಿಯ ಮಾತಿಗೆ ಎಳೆದು ತರಬಹುದು.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ಹಿರಿಯರಲ್ಲಿ ಬರೀ ಖಿನ್ನತೆಯೇ ಡಿಮೆನ್ಷಿಯಾದಂತೆ ಕಾಣುವುದುಂಟು. ಬಿ12 ಕೊರತೆ, ಥೈರಾಯ್ಡ್ ಕೊರತೆಯೂ ಹಾಗೇ. ಇವಕ್ಕೆ ಚಿಕಿತ್ಸೆ ಇದೆ. ಅರಳುಮರಳೆಂದು ಕೈಬಿಟ್ಟವರಲ್ಲಿ ಗುಣವಾಗಬಹುದಾಗಿದ್ದವರೂ ಇರುತ್ತಾರೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಮತ್ತೆ ಆ ನಡುಮನೆಗೆ ಬರೋಣ. ‘ಅಪ್ಪ ಎಲ್ಲಿ, ಇನ್ನೂ ಬಂದಿಲ್ವಾ?’ ಎಂದು ಅಮ್ಮ ಕೇಳುತ್ತಾರೆ. ‘ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತಲ್ಲಮ್ಮ’ ಎಂದು ಮಗ ನಿಜ ಹೇಳುತ್ತಾನೆ. ನಿಜ ಹೇಳುವುದು ಒಳ್ಳೆಯದೆಂದೇ ಅವನಿಗೆ ಕಲಿಸಲಾಗಿದೆ. ಆದರೆ ಅಮ್ಮನಿಗೆ ಅದು ಹನ್ನೊಂದು ವರ್ಷದ ಹಿಂದಿನ ಸಾವಲ್ಲ, ಈ ಕ್ಷಣ ಬಂದ ಸುದ್ದಿ. ಅವರು ಹೊಸದಾಗಿ ವಿಧವೆಯಾಗುತ್ತಾರೆ. ನಾಳೆ ಕೇಳಿದರೆ ನಾಳೆಯೂ. ಸುದ್ದಿ ಮರೆತುಹೋದ ಮೇಲೂ ಉಳಿಯುವ ಭಾರದ ಬಗ್ಗೆ ಅಯೋವಾದ ಪ್ರಯೋಗ ಹೇಳಿದ್ದನ್ನು ಇಲ್ಲಿಗೆ ಹಚ್ಚಿ ನೋಡಬೇಕು. ‘ಅಪ್ಪನ ನೆನಪಾಯ್ತಾ? ಅವರಿಗೆ ನಿನ್ನ ಕೈಯ ಯಾವ ಅಡುಗೆ ಇಷ್ಟ?’ ಎಂದು ಕೇಳುವುದು ಸುಳ್ಳು ಹೇಳಿದಂತಲ್ಲ. ಆ ಪ್ರಶ್ನೆಯ ಹಿಂದಿರುವ ಹಂಬಲಕ್ಕೆ ಉತ್ತರ ಕೊಟ್ಟಂತೆ.

ಮನೆಗೆ ಬಂದ ನೆಂಟರು ನಡೆಸುವ ‘ನಾನ್ಯಾರು ಹೇಳು ನೋಡೋಣ’ ಎಂಬ ಪರೀಕ್ಷೆಯೂ ಅಷ್ಟೇ ನೋವಿನದು. ಹೆಸರು ಹೊಳೆಯದ ಮುಖದಲ್ಲಿ ಮೂಡುವ ಅವಮಾನವನ್ನು ನೋಡಿದವರಿಗೆ ಅದು ಆಟವಲ್ಲ ಎಂದು ಗೊತ್ತು. ‘ನಾನು ನಿನ್ನ ತಂಗಿ ಮಗ, ಶಿವಮೊಗ್ಗದಿಂದ ಬಂದೆ ದೊಡ್ಡಮ್ಮ’ ಎಂದು ಮೊದಲೇ ಹೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ. ಬ್ರಿಟನ್ನಿನ ಬ್ರಾಡ್‌ಫರ್ಡ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಇಂಥ ನಡವಳಿಕೆಗಳ ಪಟ್ಟಿಯನ್ನೇ ಕೊಟ್ಟಿದ್ದರು: ಮಗುವಿನಂತೆ ಕಾಣುವುದು, ಎದುರಿಗೇ ಇದ್ದರೂ ಇಲ್ಲವೆಂಬಂತೆ ಅವರ ಬಗ್ಗೆ ಮಾತಾಡುವುದು, ಅವಸರಪಡಿಸುವುದು, ಹೆದರಿಸುವುದು. ಮೆದುಳಿನ ಸವೆತ ಎಷ್ಟು ಮಾಡುತ್ತದೋ ಸುತ್ತಲಿನವರ ವರ್ತನೆಯೂ ಮನುಷ್ಯನನ್ನು ಅಷ್ಟೇ ಕುಗ್ಗಿಸಬಲ್ಲದು ಎಂಬುದು ಅವರ ವಾದವಾಗಿತ್ತು.

ಅಜ್ಜಿ ಕೂಗಾಡಿದರೆ ನಿದ್ದೆ ಬರಿಸುವ, ಮಂಕಾಗಿಸುವ ಮಾತ್ರೆ ಕೊಡಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಮನೋವಿಕಾರಗಳಿಗೆ ಕೊಡುವ ಕೆಲವು ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಕೆಲವೊಮ್ಮೆ ಅವು ಬೇಕಾಗಬಹುದು, ಅದನ್ನು ತಜ್ಞರು ನಿರ್ಧರಿಸಲಿ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಮಲಬದ್ಧತೆ ಇದೆಯೇ? ಮೂತ್ರದ ಸೋಂಕು? ಹಲ್ಲುನೋವು? ಬಾಯಿಬಿಟ್ಟು ಹೇಳಲಾಗದ ನೋವು ಹೊರಬರುವುದು ಕೂಗಾಟವಾಗಿಯೇ.

ಇಷ್ಟು ತಾಳ್ಮೆಯನ್ನು ಯಾರಿಂದ ಕೇಳುತ್ತಿದ್ದೇವೆ? ಹೆಚ್ಚಿನ ಮನೆಗಳಲ್ಲಿ ಒಬ್ಬಳೇ ಸೊಸೆಯಿಂದ, ಒಬ್ಬಳೇ ಮಗಳಿಂದ, ಎಪ್ಪತ್ತು ದಾಟಿದ ಹೆಂಡತಿಯಿಂದ. ರಾತ್ರಿ ಮೂರು ಸಲ ಎದ್ದವಳಿಗೆ ಬೆಳಿಗ್ಗೆ ತಾಳ್ಮೆಯ ಪಾಠ ಹೇಳುವುದು ಅನ್ಯಾಯ. ಅಮೆರಿಕದ ಯೂಟಾ ರಾಜ್ಯದಲ್ಲಿ 1,221 ದಂಪತಿಗಳನ್ನು ಗಮನಿಸಿದ ಅಧ್ಯಯನವೊಂದು, ಡಿಮೆನ್ಷಿಯಾ ಬಂದವರ ಸಂಗಾತಿಗೆ ತಾನೂ ಅದಕ್ಕೆ ತುತ್ತಾಗುವ ಅಪಾಯ ಆರು ಪಟ್ಟು ಎಂದು 2010ರಲ್ಲಿ ಹೇಳಿತು. ಆರೈಕೆಯ ಒತ್ತಡ ಅದಕ್ಕೆ ಒಂದು ಕಾರಣವಿರಬಹುದು ಎಂಬುದು ಸಂಶೋಧಕರ ಅನುಮಾನ. ಗದರುವ ಮಗಳನ್ನು ದೂರುವವರು ಆಕೆಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಬಲ್ಲರೇ ಎಂದು ಮೊದಲು ತಮ್ಮನ್ನು ಕೇಳಿಕೊಳ್ಳಲಿ. ಅಣ್ಣತಮ್ಮಂದಿರು ಹಣ ಕಳಿಸಿದರೆ ಸಾಲದು, ನಾಲ್ಕು ರಾತ್ರಿ ಬಂದು ಮಲಗಬೇಕು.

ಸರ್ಕಾರದ ಪಾಲೂ ಇದೆ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ‘ಕರ್ನಾಟಕ ಮೆದುಳು ಆರೋಗ್ಯ’ ಕಾರ್ಯಕ್ರಮ ಶುರುಮಾಡಿದವು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಸ್ವೀಡನ್ನಿನ ಹೆಂಗಸರ ಬದುಕಿನಿಂದ ನಮ್ಮವರ ಬದುಕನ್ನು ಊಹಿಸುವ ಕಷ್ಟ ಇದರಿಂದ ತಪ್ಪಬಹುದು. ಇವು ಒಳ್ಳೆಯ ಹೆಜ್ಜೆಗಳು. ಆದರೆ ತಾಲ್ಲೂಕು ಕೇಂದ್ರದಲ್ಲಿ ಹಗಲು ನಾಲ್ಕು ತಾಸು ಇಂಥ ಹಿರಿಯರನ್ನು ನೋಡಿಕೊಳ್ಳುವ ಒಂದು ಕೋಣೆ, ಮನೆಯವರಿಗೆ ಮಾತಾಡುವ ರೀತಿ ಕಲಿಸುವ ಒಬ್ಬ ಆಶಾ ಕಾರ್ಯಕರ್ತೆ, ಇಷ್ಟಾದರೂ ಸಿಗದೆ ಕಾರ್ಯಕ್ರಮ ಮನೆ ಮುಟ್ಟಿದಂತಾಗದು. ಸದ್ಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ, ನೋಡಿಕೊಳ್ಳುವವರ ಮನಸ್ಸು ಕುಸಿದಾಗ ಟೆಲಿ ಮನಸ್‌ನ 14416 ಇದೆ.

ಸಂಜೆ ಐದೂವರೆಯ ಆ ಹೊತ್ತನ್ನು ಬೇರೆ ರೀತಿ ದಾಟುವುದನ್ನು ಕಲಿತ ಮನೆಗಳೂ ಇವೆ. ಕತ್ತಲಾಗುವ ಮೊದಲೇ ದೀಪ ಹಾಕುತ್ತಾರೆ, ಯಾಕೆಂದರೆ ನೆರಳು ಉದ್ದವಾದಷ್ಟೂ ಗಾಬರಿ ಹೆಚ್ಚು. ಟಿವಿಯ ಸದ್ದು ಇಳಿಸುತ್ತಾರೆ. ‘ಮನೆಗೆ ಹೋಗ್ಬೇಕು’ ಎಂದು ಅಜ್ಜಿ ಎದ್ದಾಗ ಮಗಳು ಅಡ್ಡ ನಿಲ್ಲುವುದಿಲ್ಲ, ಕೈ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿಸುತ್ತಾಳೆ. ‘ನಿಮ್ಮನೇಲಿ ಬಾವಿ ಇತ್ತೇನಮ್ಮ?’ ಎಂದು ಕೇಳುತ್ತಾಳೆ. ಅಜ್ಜಿಯ ನಡಿಗೆ ನಿಧಾನವಾಗುತ್ತದೆ. ಬಾವಿ ಇತ್ತು, ಪಕ್ಕದಲ್ಲಿ ಕರಿಬೇವಿನ ಗಿಡ ಇತ್ತು, ಹಗ್ಗ ಕಡಿದು ಕೊಡ ಒಳಗೆ ಬಿದ್ದಾಗ ಅಣ್ಣ ಪಾತಾಳಗರಡಿ ತಂದ, ಅಮ್ಮ ಬೈದಳು, ಆಮೇಲೆ ಮಡಿಲಲ್ಲಿ ಕೂರಿಸಿಕೊಂಡಳು. ಹೇಳುತ್ತ ಹೇಳುತ್ತ ಅವರು ಜಗಲಿಯ ಮೇಲೆ ಕೂರುತ್ತಾರೆ, ಮೊರ ಹತ್ತಿರ ಎಳೆದುಕೊಂಡು ಅವರೆಕಾಯಿ ಬಿಡಿಸತೊಡಗುತ್ತಾರೆ.